ನೂರಕ್ಕೆ ಮೂರು

ಡುಲುತ್ ಊರಿನಲ್ಲಿ ಮಾರ್ಚ್ ಬಂದರೂ ಹಿಮ ಬಿಡುವುದಿಲ್ಲ.
ಗ್ಯಾರೇಜಿನ ಗೋಡೆಗೆ ಹನ್ನೊಂದು ಸಲಿಕೆ ಒರಗಿಸಿದ್ದೇನೆ,
ಕುತ್ತಿಗೆಗೆ ಒಂದೊಂದು ಚೀಟಿ,
ಶವಾಗಾರದಲ್ಲಿ ಕಾಲ್ಬೆರಳಿಗೆ ಕಟ್ಟುವ ಹಾಗೆ.
ಎಲ್ಲವೂ ನನ್ನ ದುಡ್ಡಿನವು.
ಕಂಪನಿಯವರು ಬಿಟ್ಟಿ ಕಳಿಸಿದ್ದನ್ನು ಮುಟ್ಟುವುದಿಲ್ಲ,
ಮುಟ್ಟಿದರೆ ಬರೆಯುವ ಕೈ ತಾನಾಗಿ ಮೆತ್ತಗಾಗುತ್ತದೆ.

ಬೆಳಿಗ್ಗೆ ಐದಕ್ಕೆದ್ದು ನನ್ನ ಅಂಗಳ ಬಳಿಯುತ್ತೇನೆ,
ಆಮೇಲೆ ಪಕ್ಕದ ಮನೆಯ ಮುದುಕ ವೆಯ್ನೊನದು,
ಅದೂ ಮುಗಿದರೆ ಲೂಥರನ್ ಚರ್ಚಿನ ಮೆಟ್ಟಿಲು.
ಪಾದ್ರಿ ಇದನ್ನು ಭಕ್ತಿ ಅಂದುಕೊಂಡಿದ್ದಾನೆ.
ನಾಲ್ಕನೇ ನಂಬರಿನ ಹಿಡಿ, ಕೊರೆಯುವ ಒಂದು ಮುಂಜಾವು,
ಗಾಜಿನ ಬಳೆಯಂತೆ ಲಟಕ್ಕೆಂದಿತು.
ಏಳನೆಯದು ಬೆನ್ನು ಬಾಗಿಸುವುದಿಲ್ಲ, ಆದರೆ ಅಂಗೈಗೆ ಬೊಬ್ಬೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ,
ಸ್ಕೇಲು ಬೇಕು.
ಅಳೆದು ಬರೆದೆ: ಅರ್ಧ ಇಂಚಿಗೆ ಚೂರು ಕಮ್ಮಿ.

ಬರೆದದ್ದರ ಬುಡದಲ್ಲಿ ಒಂದು ಕೊಂಡಿ.
ಅದನ್ನು ಒತ್ತಿ ಕೊಂಡರೆ, ಕೊಂಡವರಿಗೆ ಬೆಲೆ ಅಷ್ಟೇ;
ಅಂಗಡಿಯವನು ತನ್ನ ಗಲ್ಲದಿಂದ ನನಗೆ ನೂರಕ್ಕೆ ಮೂರು ಎಣಿಸುತ್ತಾನೆ.
ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ.
ಚೇಳಿಗೂ ಕೊಂಡಿಯಿದೆ, ಅದು ಎತ್ತಿ ತೋರಿಸಿಕೊಂಡೇ ಬರುತ್ತದೆ,
ಅಷ್ಟರ ಮಟ್ಟಿಗೆ ಪ್ರಾಮಾಣಿಕ ಪ್ರಾಣಿ.

ಅಜ್ಜ ತೌನೊ ಗಣಿ ಕಂಪನಿಯ ಅಂಗಡಿಯಲ್ಲಿ ತಕ್ಕಡಿ ಹಿಡಿದವನು.
ಯಾರ ಉಪ್ಪು ತಿನ್ನುತ್ತೀಯೋ ಅವರ ಕಡೆಗೇ ವಾಲುತ್ತದೆ ಕಣೇ, ಅನ್ನುತ್ತಿದ್ದ;
ಅದಕ್ಕೇ ತೂಗುವಾಗ ತನ್ನ ಹೆಬ್ಬೆರಳನ್ನು
ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿಯುತ್ತಿದ್ದನಂತೆ.

ನಾಲ್ಕನೇ ನಂಬರಿನವರು ಫೋನು ಮಾಡಿದ್ದರು.
ಹಿಡಿ ಬದಲಿಸಿದ್ದೇವೆ. ನೂರಕ್ಕೆ ಹನ್ನೆರಡು.
ಅಂಗಡಿಗೆ ಬಂದ ಮೇಲೆ ಕೊಂಡು ನೋಡುತ್ತೇನೆ, ಅಂದೆ.
ಆ ರಾತ್ರಿ ಲೆಕ್ಕ ಹಾಕಿದೆ, ಹಾಕಲಿಲ್ಲವೆಂದು ಸುಳ್ಳು ಹೇಳಲಾರೆ:
ಹನ್ನೆರಡು ಬಂದಿದ್ದರೆ ಬಾಯ್ಲರ್ ರಿಪೇರಿಯಾಗುತ್ತಿತ್ತು.
ಎರಡು ಸ್ವೆಟರ್ ಹಾಕಿಕೊಂಡು ಮಲಗಿದೆ.

ತಿಂಗಳ ಕೊನೆಗೆ ಪಟ್ಟಿ ಬರುತ್ತದೆ.
ಹೆಸರಿಲ್ಲ, ಊರಿಲ್ಲ.
ನನ್ನ ಕೊಂಡಿ ಹಿಡಿದು ಒಳಹೊಕ್ಕವರು
ಒಂದು ಹಗಲು ಒಂದು ಇರುಳಿನೊಳಗೆ ಏನೇ ಕೊಂಡರೂ ನನ್ನ ಲೆಕ್ಕಕ್ಕೆ.
ಸಲಿಕೆ ನೋಡಲು ಹೋದ ಯಾರೋ
ಕೊಂಡದ್ದು ಎಳೆಗೂಸಿನ ಟೋಪಿ, ಎಲ್ಲಕ್ಕಿಂತ ಚಿಕ್ಕ ಅಳತೆ.
ಹತ್ತೊಂಬತ್ತು ಸೆಂಟು.
ಬೆಕ್ಕಿಗೆ ಔಷಧ ಕುಡಿಸುವ ಪಿಚಕಾರಿ. ಆರು ಸೆಂಟು.
ಕಪ್ಪು ಟೈ, ಒಂದೇ ಒಂದು. ಮೂವತ್ತಾರು.
ಯಾರದೋ ಸಾವಿನಿಂದ ನನ್ನ ಕಾಫಿಪುಡಿಗೆ ಮೂವತ್ತಾರು ಸೆಂಟು ಬಂತು,
ಅಥವಾ ಮದುವೆಯಿಂದ.
ಯಾರನ್ನು ಕೇಳಲಿ?

ಟೂ ಹಾರ್ಬರ್ಸ್‌ನ ಸೆಲ್ಮಾ ಬ್ರೆಕ್ಕೆ ಬರೆದಿದ್ದಳು:
ಗಂಡನ ಸಲಿಕೆ ಇದೆ, ಹಿಡಿ ಸಡಿಲ,
ನನ್ನ ಬಲಭುಜ ಏಳುವುದಿಲ್ಲ. ಯಾವುದು ಕೊಳ್ಳಲಿ?
ಏನೂ ಕೊಳ್ಳಬೇಡಿ, ಅಂದೆ. ಎರಡಿಂಚಿನ ಬೋಲ್ಟು, ಒಂದು ವಾಷರು,
ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ.
ಹಿಮ ಎತ್ತಬೇಡಿ, ತಳ್ಳಿ.
ಆ ಬೋಲ್ಟಿಗೆ ಕೊಂಡಿಯಿಲ್ಲ.

ಈ ತಿಂಗಳು ನಾನೂರ ಹನ್ನೆರಡು ಡಾಲರ್.
ಪಟ್ಟಿಯ ತಳದಲ್ಲಿ ಕೆಂಪಕ್ಷರ: ಏಳನೇ ನಂಬರು, ವಾಪಸ್ಸು.
ಕಳೆಯಿರಿ, ಒಂದು ಡಾಲರ್ ಎಪ್ಪತ್ನಾಲ್ಕು ಸೆಂಟು.
ಕಾರಣ: ಭಾರ.

ಭಾರ ಎಂದು ನಾನು ಬರೆದೇ ಇರಲಿಲ್ಲ.
ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದ ತೋಳು ನನ್ನದು,
ಅದಕ್ಕೆ ಹೊಳೆಯಲೇ ಇಲ್ಲ.
ಲಂಚ ತಿನ್ನದೆಯೂ ತಕ್ಕಡಿ ವಾಲುತ್ತದೆ, ಅಜ್ಜ ಇದನ್ನು ಹೇಳಿರಲಿಲ್ಲ.

ಸಲಿಕೆಯನ್ನು ಒಳಗೆ ತಂದು
ಅಡುಗೆಮನೆಯ ತಕ್ಕಡಿಯ ಮೇಲೆ ಅಡ್ಡಡ್ಡ ಇಟ್ಟೆ. ಜಾರಿತು. ಮತ್ತೆ ಇಟ್ಟೆ.
ಐದು ಪೌಂಡು, ಮೇಲೆ ಚೂರು.
ಕಿಟಕಿಯಾಚೆ ವೆಯ್ನೊ ಕಾಫಿ ಲೋಟ ಎತ್ತಿ ಕೂಗುತ್ತಿದ್ದ,
ಇರ್ಯಾ, ನನ್ನ ಅಂಗಳ ಮರೆತೆಯಾ?